ಪುಕ್ಕಟೆ ಕ್ರಿಪ್ಟೋ: ಏರ್‌ಡ್ರಾಪ್‌ಗೆ ಕೈಹಾಕುವ ಮೊದಲು ಹಾಕಬೇಕಾದ ಲೆಕ್ಕ

ಹೊಸ ಕ್ರಿಪ್ಟೋ ಯೋಜನೆಗೆ ಮೊದಲು ಬೇಕಾಗುವುದು ಜನ. ಜಾಹೀರಾತಿಗೆ ಸುರಿಯಬೇಕಾದ ಹಣದ ಬದಲು ಅದು ತಾನೇ ಸೃಷ್ಟಿಸಿದ ಟೋಕನ್‌ಗಳನ್ನು (ಡಿಜಿಟಲ್ ನಾಣ್ಯಗಳನ್ನು) ಹಂಚುತ್ತದೆ. ಇದೇ ಏರ್‌ಡ್ರಾಪ್. ಪುಕ್ಕಟೆ ಹಂಚುವ ಪದ್ಧತಿ ಬಿಟ್‌ಕಾಯಿನ್‌ನಷ್ಟೇ ಹಳೆಯದು ಎನ್ನಬಹುದು: 2010ರಲ್ಲಿ ಗ್ಯಾವಿನ್ ಆಂಡ್ರೆಸನ್ ಎಂಬ ಪ್ರೋಗ್ರಾಮರ್ ಒಂದು ವೆಬ್‌ಸೈಟ್ ತೆರೆದು, ಕ್ಯಾಪ್ಚಾ ತುಂಬಿದವರಿಗೆಲ್ಲ ತಲಾ 5 ಬಿಟ್‌ಕಾಯಿನ್ ಕೊಡುತ್ತಿದ್ದರು. ಆಗ ಆ ಐದೂ ಸೇರಿ ಒಂದು ಡಾಲರ್ ಬಾಳುತ್ತಿರಲಿಲ್ಲ. ಜನ ಒಮ್ಮೆ ಮುಟ್ಟಿ ನೋಡಲಿ ಎಂಬುದಷ್ಟೇ ಉದ್ದೇಶ.

ಇವತ್ತಿನ ಏರ್‌ಡ್ರಾಪ್‌ಗಳಲ್ಲಿ ನಿಜವಾಗಿ ದುಡ್ಡು ಕಂಡವರಿದ್ದಾರೆ. ಗ್ಯಾಸ್ ಫೀ (ಪ್ರತಿ ವಹಿವಾಟಿಗೂ ಜಾಲಕ್ಕೆ ಕೊಡುವ ಶುಲ್ಕ) ಕಟ್ಟಿ ಕಟ್ಟಿ ಕೊನೆಗೆ ಏನೂ ಸಿಗದವರೂ ಇದ್ದಾರೆ, ಒಪ್ಪಿಗೆ ಕೊಡುವ ಒಂದೇ ಒಂದು ಡಿಜಿಟಲ್ ಸಹಿಯಲ್ಲಿ ವ್ಯಾಲೆಟ್ (ಕ್ರಿಪ್ಟೋ ಇಡುವ ಡಿಜಿಟಲ್ ಚೀಲ) ಪೂರ್ತಿ ಕಳೆದುಕೊಂಡವರೂ ಇದ್ದಾರೆ. ಈ ಮೂರರಲ್ಲಿ ನೀವು ಯಾವ ಗುಂಪಿಗೆ ಸೇರುತ್ತೀರಿ ಎನ್ನುವುದರಲ್ಲಿ ಅದೃಷ್ಟದ ಪಾತ್ರಕ್ಕಿಂತ ತಯಾರಿಯ ಪಾತ್ರ ದೊಡ್ಡದು.

ಪಾಲು ಎಷ್ಟು ಬರಬಹುದು

ಮೊದಲು ಭಾಗಾಕಾರ. ಹಂಚುವ ಟೋಕನ್‌ಗಳ ಒಟ್ಟು ಸಂಖ್ಯೆಯನ್ನು ಪಡೆಯುವವರ ಸಂಖ್ಯೆಯಿಂದ ಭಾಗಿಸಿ, ಊಹಿಸಬಹುದಾದ ಬೆಲೆಯಿಂದ ಗುಣಿಸಿ. ಇಷ್ಟು ಮಾಡಿದರೆ ಅರ್ಧ ಭ್ರಮೆ ಅಲ್ಲೇ ಹರಿಯುತ್ತದೆ.

ಟೋಕನ್‌ಗಳನ್ನು ಅದಲುಬದಲು ಮಾಡಿಕೊಳ್ಳುವ ಸೇವೆ ಯೂನಿಸ್ವಾಪ್ 2020ರ ಸೆಪ್ಟೆಂಬರ್‌ನಲ್ಲಿ, ಆ ತಿಂಗಳ 1ನೇ ತಾರೀಕಿಗೆ ಮೊದಲು ತನ್ನನ್ನು ಒಮ್ಮೆಯಾದರೂ ಬಳಸಿದ್ದ ಪ್ರತಿ ವ್ಯಾಲೆಟ್‌ಗೂ 400 ಟೋಕನ್ ಕೊಟ್ಟಿತು. ವಹಿವಾಟು ಮಾಡಲು ಹೋಗಿ ವಿಫಲವಾದವರಿಗೂ ಸಿಕ್ಕಿತು. ಮೊದಲ ದಿನಗಳಲ್ಲಿ ಟೋಕನ್‌ಗೆ ಸುಮಾರು 3 ಡಾಲರ್, ಅಂದರೆ ವ್ಯಾಲೆಟ್ ಒಂದಕ್ಕೆ 1,200 ಡಾಲರ್. ಇದಕ್ಕಾಗಿ ಯಾರೂ ಕಾದು ಕೂತಿರಲಿಲ್ಲ. ತಮ್ಮ ಕೆಲಸಕ್ಕೆಂದು ಬಳಸಿದವರಿಗೆ ಹೇಳದೆ ಕೇಳದೆ ಬಂದ ಹಣ ಅದು.

ಹ್ಯಾಮ್‌ಸ್ಟರ್ ಕಾಂಬ್ಯಾಟ್‌ನ ಕಥೆ ತದ್ವಿರುದ್ಧ. ಟೋಕನ್ ಬರುತ್ತದೆಂದು ಮೊದಲೇ ಸಾರಿ, ಜನರಿಂದ ತಿಂಗಳುಗಟ್ಟಲೆ ಪರದೆ ಒತ್ತಿಸಿದ ಟೆಲಿಗ್ರಾಮ್ ಆಟ ಅದು. 2024ರ ಸೆಪ್ಟೆಂಬರ್‌ನಲ್ಲಿ ಆಟಗಾರರಿಗೆ ಮೀಸಲಾಗಿದ್ದದ್ದು 6,000 ಕೋಟಿ ಟೋಕನ್, ಅರ್ಹರು ಸುಮಾರು 13 ಕೋಟಿ. ಸರಾಸರಿ 460 ಟೋಕನ್. ಲಿಸ್ಟಿಂಗ್ ದಿನ, ಅಂದರೆ ಮಾರುಕಟ್ಟೆಯಲ್ಲಿ ಮಾರಾಟ ಶುರುವಾದ ದಿನ, ಬೆಲೆ ಒಂದು ಸೆಂಟ್‌ನ ಆಸುಪಾಸು. ಅಷ್ಟೂ ತಿಂಗಳ ದುಡಿಮೆಗೆ ನಾಲ್ಕೈದು ಡಾಲರ್, ಅದರಲ್ಲೂ ಒಂದು ಭಾಗವನ್ನು ಆಮೇಲೆ ಕೊಡುವುದಾಗಿ ತಡೆಹಿಡಿದಿದ್ದರು.

ಬೆರಳಲ್ಲಿ ಒತ್ತುವುದು, ಚಾನೆಲ್ ಸೇರುವುದು, ಪೋಸ್ಟ್ ಹಂಚುವುದು ಇಷ್ಟೇ ಅರ್ಹತೆಯಾದರೆ ಕೋಟಿಗಟ್ಟಲೆ ಜನ ಬಂದೇ ಬರುತ್ತಾರೆ, ಪಾಲು ಪುಡಿಯಾಗುತ್ತದೆ. ಅಂಥವುಗಳಿಗೆ ಸಮಯ ಕೊಡಬೇಡಿ ಎಂಬುದು ನಮ್ಮ ನೇರ ಸಲಹೆ. ಸ್ವಲ್ಪ ಹಣ, ಸ್ವಲ್ಪ ಕಲಿಕೆ, ಹಲವು ತಿಂಗಳ ಬಳಕೆ ಕೇಳುವ ಕಡೆ ಸ್ಪರ್ಧೆ ಕಡಿಮೆ. 2023ರ ಮಾರ್ಚ್‌ನಲ್ಲಿ, ಈಥೀರಿಯಂ ಎಂಬ ಕ್ರಿಪ್ಟೋ ಜಾಲದ ಮೇಲೆ ಕಟ್ಟಿದ ಆರ್ಬಿಟ್ರಂ ಸುಮಾರು 6.25 ಲಕ್ಷ ವ್ಯಾಲೆಟ್‌ಗಳಿಗೆ 116 ಕೋಟಿ ಟೋಕನ್ ಹಂಚಿತು. ಅತಿ ಕಡಿಮೆ ಪಾಲೇ 625 ಟೋಕನ್, ಬೆಲೆ ಒಂದು ಡಾಲರ್‌ಗಿಂತ ಮೇಲಿತ್ತು.

ಆರ್ಬಿಟ್ರಂ ಅಂಕ ಕೊಟ್ಟ ಬಗೆಯನ್ನು ಅರ್ಥ ಮಾಡಿಕೊಂಡರೆ ಇಂಥ ತಂಡಗಳು ಏನನ್ನು ನೋಡುತ್ತವೆ ಎಂಬುದು ತಿಳಿಯುತ್ತದೆ. 2, 6, 9 ಬೇರೆ ಬೇರೆ ತಿಂಗಳುಗಳಲ್ಲಿ ವಹಿವಾಟು ಮಾಡಿದ್ದರೆ ಮೆಟ್ಟಿಲು ಮೆಟ್ಟಿಲಾಗಿ ಅಂಕ ಏರುತ್ತಿತ್ತು. ಎಲ್ಲ ವಹಿವಾಟೂ 48 ಗಂಟೆಯೊಳಗೇ ಮುಗಿದಿದ್ದರೆ ಅಂಕ ಕಳೆಯುತ್ತಿದ್ದರು. ವ್ಯಾಲೆಟ್‌ನಲ್ಲಿ 0.005 ಈಥರ್‌ಗಿಂತ (ಈಥರ್ ಈಥೀರಿಯಂನ ನಾಣ್ಯ) ಕಡಿಮೆ ಉಳಿದಿದ್ದು, ಒಂದಕ್ಕಿಂತ ಹೆಚ್ಚು ಕಾಂಟ್ರಾಕ್ಟ್ (ಜಾಲದ ಮೇಲೆ ತಾನಾಗಿ ನಡೆಯುವ ಪ್ರೋಗ್ರಾಂ) ಬಳಸಿರದಿದ್ದರೂ ಕಡಿತ. ಹಾಗಾಗಿ ಒಂದೇ ವಾರಾಂತ್ಯದಲ್ಲಿ ಐವತ್ತು ವಹಿವಾಟು ಮಾಡುವುದಕ್ಕಿಂತ ತಿಂಗಳಿಗೆ ಎರಡರಂತೆ ವರ್ಷವಿಡೀ ಮಾಡುವುದು ಮೇಲು, ಅಗ್ಗವೂ ಹೌದು.

ಬೇರೆಯದೇ ವ್ಯಾಲೆಟ್

ಉಳಿತಾಯ ಇಟ್ಟಿರುವ ವ್ಯಾಲೆಟ್‌ನಿಂದ ಏರ್‌ಡ್ರಾಪ್ ಬೆನ್ನು ಹತ್ತಬೇಡಿ. ಹೊಸದೊಂದನ್ನು ಮಾಡಿ. ಅದೇ ವ್ಯಾಲೆಟ್ ಆ್ಯಪ್‌ನಲ್ಲಿ ಎರಡನೇ ಖಾತೆ ತೆರೆದರೆ ಸಾಲದು, ಏಕೆಂದರೆ ಎರಡೂ ಖಾತೆ ಒಂದೇ ಸೀಡ್ ಫ್ರೇಸ್‌ನಿಂದ (ವ್ಯಾಲೆಟ್ ತೆರೆಯುವ ಗುಟ್ಟಿನ ಪದಗಳ ಸರಣಿಯಿಂದ) ಹುಟ್ಟುತ್ತವೆ, ಅದು ಸೋರಿದರೆ ಎರಡೂ ಹೋಗುತ್ತವೆ. ಹೊಸ ಸೀಡ್ ಫ್ರೇಸ್‌ನ 12 ಅಥವಾ 24 ಪದಗಳನ್ನು ಕಾಗದದ ಮೇಲೆ ಕ್ರಮ ತಪ್ಪದೆ ಬರೆದಿಡಿ. ಫೋನ್‌ನಲ್ಲಿ ಫೋಟೋ ತೆಗೆದಿಡಬೇಡಿ, ಇಮೇಲ್‌ಗೆ ಹಾಕಿಕೊಳ್ಳಬೇಡಿ.

ಈ ವ್ಯಾಲೆಟ್‌ನಲ್ಲಿ ಗ್ಯಾಸ್ ಫೀಗೆ ಮತ್ತು ಬಳಕೆಗೆ ಬೇಕಾದಷ್ಟೇ ಹಣ ಇರಲಿ. ಎಷ್ಟು ಬೇಕು ಎನ್ನುವುದಕ್ಕೆ ಒಂದು ಉದಾಹರಣೆ. ಈಥೀರಿಯಂ ಮುಖ್ಯ ಜಾಲದಲ್ಲಿ ಒಂದು ಸಾದಾ ಈಥರ್ ವರ್ಗಾವಣೆಗೆ 21,000 ಗ್ಯಾಸ್ ಹಿಡಿಯುತ್ತದೆ (ಇಲ್ಲಿ ಗ್ಯಾಸ್ ಎಂದರೆ ಜಾಲದ ಕೆಲಸವನ್ನು ಅಳೆಯುವ ಮಾನ). ಟೋಕನ್ ಕ್ಲೇಮ್ ಮಾಡಲು, ಅಂದರೆ ನಿಮ್ಮ ಪಾಲನ್ನು ಕೇಳಿ ಪಡೆಯಲು, ಸುಮಾರು 1,00,000 ಗ್ಯಾಸ್ ಎಂದಿಟ್ಟುಕೊಳ್ಳಿ. ಒಂದು ಗ್ಯಾಸ್‌ನ ದರ 20 ಗ್ವೇ (ಗ್ವೇ ಎಂದರೆ ಈಥರ್‌ನ ನೂರು ಕೋಟಿಯಲ್ಲಿ ಒಂದು ಭಾಗ) ಇದ್ದರೆ 20 ಲಕ್ಷ ಗ್ವೇ, ಅಂದರೆ 0.002 ಈಥರ್. ಈಥರ್ 3,000 ಡಾಲರ್ ಇದ್ದರೆ 6 ಡಾಲರ್. ದರ 200 ಗ್ವೇಗೆ ಜಿಗಿದರೆ ಅದೇ ಕ್ಲೇಮ್‌ಗೆ 60 ಡಾಲರ್. ಆರ್ಬಿಟ್ರಂನಂಥ ಎರಡನೇ ಪದರದ ಜಾಲಗಳಲ್ಲಿ ಇದು ಸಾಮಾನ್ಯವಾಗಿ ಸೆಂಟ್‌ಗಳಲ್ಲಿ ಮುಗಿಯುತ್ತದೆ, ಆದರೆ ಅಲ್ಲಿಗೆ ಹಣ ಸಾಗಿಸುವ ಬ್ರಿಡ್ಜ್ ಖರ್ಚನ್ನು ಮರೆಯಬೇಡಿ. ಒಂದು ಯೋಜನೆಗೆ ಇಷ್ಟೇ ಎಂದು ಮಿತಿ ಬರೆದಿಟ್ಟು, ಮುಟ್ಟಿದ ದಿನ ನಿಲ್ಲಿಸಿ. ಟೋಕನ್ ಬರುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲದ ಕಡೆ ಮಿತಿ ಮೀರಲು ಬಹಳ ಸುಲಭ: ಇಷ್ಟು ಹಾಕಿದ್ದಾಗಿದೆ, ಇನ್ನೊಂದು ತಿಂಗಳು ನೋಡೋಣ ಎನಿಸುತ್ತಲೇ ಇರುತ್ತದೆ.

ಯಾವುದನ್ನು ಆರಿಸಬೇಕು

ನಾವು ಮೊದಲು ಕೇಳಿಕೊಳ್ಳುವ ಪ್ರಶ್ನೆ: ಟೋಕನ್ ಬಾರದೇ ಹೋದರೂ ಈ ಸೇವೆ ನನಗೆ ಉಪಯೋಗವೇ? ಹೌದಾದರೆ ಖರ್ಚು ವ್ಯರ್ಥವಲ್ಲ. ಇಲ್ಲವಾದರೆ ನೀವು ಮಾಡುತ್ತಿರುವುದು ಸಂಬಳ ಗೊತ್ತಿಲ್ಲದ ಕೆಲಸ.

ಟೋಕನ್ ಪ್ರಕಟವಾಗಿದ್ದರೆ ಅದರ ಹಂಚಿಕೆ ಪಟ್ಟಿ ಓದಿ. ಒಟ್ಟು ಟೋಕನ್‌ಗಳಲ್ಲಿ ಬಳಕೆದಾರರಿಗೆ ಎಷ್ಟು ಪಾಲು, ತಂಡಕ್ಕೂ ಹೂಡಿಕೆದಾರರಿಗೂ ಎಷ್ಟು, ಅವರ ಪಾಲು ಯಾವಾಗ ಮಾರುಕಟ್ಟೆಗೆ ಬಿಡುಗಡೆಯಾಗುತ್ತದೆ, ನಿಮ್ಮದು ಒಮ್ಮೆಗೇ ಬರುತ್ತದೋ ಕಂತಿನಲ್ಲೋ ಎಂಬುದು ಅಲ್ಲಿರುತ್ತದೆ. ಯಾವ ದೇಶದವರಿಗೆ ಅರ್ಹತೆ ಇಲ್ಲ ಎಂಬುದನ್ನೂ ಷರತ್ತುಗಳಲ್ಲಿ ಹುಡುಕಿ. ಸ್ನ್ಯಾಪ್‌ಶಾಟ್ ಆಗಿಹೋಗಿದೆಯೇ ಎಂಬುದು ಇನ್ನೂ ಮುಖ್ಯ. ಅರ್ಹರ ಪಟ್ಟಿಗೆ ಲೆಕ್ಕ ತೆಗೆಯುವ ದಿನ ಅದು. ಆರ್ಬಿಟ್ರಂ ಮಾರ್ಚ್‌ನಲ್ಲಿ ಘೋಷಿಸಿದಾಗ ಸ್ನ್ಯಾಪ್‌ಶಾಟ್ ಫೆಬ್ರವರಿ 6ಕ್ಕೇ ಮುಗಿದಿತ್ತು. ಸುದ್ದಿ ಓದಿ ಓಡಿ ಬಂದವರಿಗೆ ಏನೂ ಸಿಗಲಿಲ್ಲ.

ಎಕ್ಸ್‌ಚೇಂಜ್‌ಗಳ (ಕ್ರಿಪ್ಟೋ ಕೊಂಡು ಮಾರುವ ತಾಣಗಳ) ಸೈನ್‌ಅಪ್ ಬೋನಸ್‌ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ, ಹಿಂಪಡೆಯುವ ಷರತ್ತನ್ನು ಮಾತ್ರ ಓದಿ. 10 ಡಾಲರ್ ಬೋನಸ್ ಬಿಡಿಸಿಕೊಳ್ಳಲು 10,000 ಡಾಲರ್ ವಹಿವಾಟು ಮಾಡಬೇಕು, ಶುಲ್ಕ ಶೇ 0.1 ಎಂದಿದ್ದರೆ ಶುಲ್ಕವೇ 10 ಡಾಲರ್ ಆಯಿತು. ಫ್ಯೂಚರ್ಸ್‌ನಲ್ಲಿ (ಮುಂದಿನ ಬೆಲೆಯ ಮೇಲೆ ಪಂತ ಕಟ್ಟುವ ವಹಿವಾಟಿನಲ್ಲಿ) ಮಾತ್ರ ಬಳಸಬಹುದಾದ ಬೋನಸ್ ಅಂದರೆ ಸಾಲದ ಜೂಜಿಗೆ ಕರೆದಂತೆ, ಬಿಟ್ಟುಬಿಡಿ.

ಇಪ್ಪತ್ತು ವ್ಯಾಲೆಟ್ ಮಾಡಿದರೆ ಇಪ್ಪತ್ತು ಪಾಲು ಬರುತ್ತದಲ್ಲ ಎಂದು ಹಲವರಿಗೆ ಹೊಳೆಯುತ್ತದೆ. ಇದಕ್ಕೆ ಸಿಬಿಲ್ ಎಂದು ಹೆಸರು, ಹಿಡಿಯುವುದೂ ಕಷ್ಟವಲ್ಲ: ಒಂದೇ ಮೂಲದಿಂದ ಎಲ್ಲಕ್ಕೂ ಹಣ, ಒಂದೇ ಸರದಿಯಲ್ಲಿ ಒಂದೇ ಬಗೆಯ ವಹಿವಾಟು, ಕೊನೆಗೆ ಎಲ್ಲವೂ ಎಕ್ಸ್‌ಚೇಂಜ್‌ನ ಒಂದೇ ವಿಳಾಸಕ್ಕೆ. ಆಪ್ಟಿಮಿಸಂ ಎಂಬ ಜಾಲ 2022ರಲ್ಲಿ 17,000ದಷ್ಟು ವಿಳಾಸಗಳನ್ನು ಪಟ್ಟಿಯಿಂದ ಕಿತ್ತುಹಾಕಿತು. ಲೇಯರ್‌ಝೀರೋ ಎಂಬ ಯೋಜನೆ 2024ರಲ್ಲಿ, ತಾವಾಗಿ ಒಪ್ಪಿಕೊಂಡವರಿಗೆ ಶೇ 15 ಪಾಲು, ಸಿಕ್ಕಿಬಿದ್ದವರಿಗೆ ಸೊನ್ನೆ ಎಂದಿತು. ಹೀಗೆ ಹಲವು ವ್ಯಾಲೆಟ್ ಮಾಡುವುದು ಪ್ರಾಮಾಣಿಕ ಬಳಕೆದಾರರ ಪಾಲನ್ನು ಕಬಳಿಸುವ ಕೆಲಸವೂ ಹೌದು. ಒಂದೇ ವ್ಯಾಲೆಟ್ ಸಾಕು.

ಕ್ಲೇಮ್ ದಿನ

ಹಣ ಕಳೆದುಹೋಗುವುದು ಹೆಚ್ಚಾಗಿ ಇಲ್ಲೇ, ಆದ್ದರಿಂದ ನಿಧಾನವಾಗಿ ಓದಿ.

ಮೊದಲ ಒಂದೆರಡು ಗಂಟೆ ಸುಮ್ಮನಿರಿ. ಆರ್ಬಿಟ್ರಂ ಕ್ಲೇಮ್ ತೆರೆದ ದಿನ ಅದರ ತಾಣವೇ ಕುಸಿದುಬಿತ್ತು. ಇಂಥ ಹೊತ್ತಲ್ಲಿ ಗ್ಯಾಸ್ ದರ ಏರಿರುತ್ತದೆ, ನಕಲಿ ತಾಣಗಳು ಗಾಬರಿಯಲ್ಲಿರುವವರಿಗೆ ಕಾದಿರುತ್ತವೆ. ಅವಧಿ ಸಾಮಾನ್ಯವಾಗಿ ತಿಂಗಳುಗಳಷ್ಟಿರುತ್ತದೆ. ಆದರೆ ಕೊನೆಯ ದಿನಾಂಕ ನಿಜವಾಗಿಯೂ ಕೊನೆ: ಆರ್ಬಿಟ್ರಂನದು 2023ರ ಸೆಪ್ಟೆಂಬರ್‌ಗೆ, ವ್ಯಾಲೆಟ್ ವಿಳಾಸಗಳಿಗೆ ಹೆಸರು ಕೊಡುವ ಇಎನ್‌ಎಸ್ ಸೇವೆಯದು 2022ರ ಮೇ 4ಕ್ಕೆ ಮುಗಿಯಿತು. ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ.

ಕ್ಲೇಮ್ ಪುಟಕ್ಕೆ ಹುಡುಕಾಟದ ಫಲಿತಾಂಶದಿಂದ ಹೋಗಬೇಡಿ, ಅಲ್ಲಿ ಮೇಲೆ ಕಾಣುವುದು ದುಡ್ಡು ಕೊಟ್ಟು ಹಾಕಿಸಿದ ನಕಲಿ ಜಾಹೀರಾತಾಗಿರಬಹುದು. ನೀವು ತಿಂಗಳುಗಳಿಂದ ಬಳಸುತ್ತಿರುವ, ಬುಕ್‌ಮಾರ್ಕ್ ಮಾಡಿಟ್ಟ ಅಧಿಕೃತ ತಾಣದ ಒಳಗಿಂದಲೇ ಹೋಗಿ. ಯಾರಾದರೂ ಸಂದೇಶದಲ್ಲಿ ಕಳಿಸಿದ ಕೊಂಡಿ ಬೇಡವೇ ಬೇಡ, ಪರಿಚಿತರ ಖಾತೆಯಿಂದ ಬಂದಿದ್ದರೂ.

ಈಗ ವ್ಯಾಲೆಟ್ ತೋರಿಸುವ ಸಹಿ ಕಿಟಕಿ. ಕ್ಲೇಮ್ ಅಂದರೆ ಟೋಕನ್ ನಿಮ್ಮ ಕಡೆ ಬರುವುದು. ನಿಮ್ಮ ಹತ್ತಿರ ಈಗಾಗಲೇ ಇರುವ ಟೋಕನ್‌ಗಳನ್ನು ಮುಟ್ಟುವ ಅನುಮತಿ ಅದಕ್ಕೆ ಬೇಕಾಗಿಲ್ಲ. ಹಾಗಾಗಿ ಕಿಟಕಿಯಲ್ಲಿ 'ಅಪ್ರೂವ್' ಅಥವಾ 'ಸೆಟ್ ಅಪ್ರೂವಲ್ ಫಾರ್ ಆಲ್' ಎಂದು ಕಂಡರೆ ತಿರಸ್ಕರಿಸಿ. 'ಪರ್ಮಿಟ್' ಎಂಬುದು ಇನ್ನೂ ಅಪಾಯದ್ದು. ಅದಕ್ಕೆ ಗ್ಯಾಸ್ ಫೀ ತಗಲುವುದಿಲ್ಲ, ಬರೀ ಲಾಗಿನ್ ಸಹಿಯ ಹಾಗೆ ಕಾಣುತ್ತದೆ. ಆದರೆ ಅದರಲ್ಲಿ 'ಸ್ಪೆಂಡರ್' ಎಂಬ ವಿಳಾಸ, 'ವ್ಯಾಲ್ಯೂ' ಎಂಬ ಮೊತ್ತ, 'ಡೆಡ್‌ಲೈನ್' ಎಂಬ ಗಡುವು ಇರುತ್ತವೆ. ಆ ವಿಳಾಸದವರು ಅಷ್ಟು ಮೊತ್ತವನ್ನು ನಿಮ್ಮನ್ನು ಮತ್ತೆ ಕೇಳದೆ ಎತ್ತಬಹುದು. ಫೀ ಇಲ್ಲದ್ದರಿಂದ ಹಾನಿಯಿಲ್ಲ ಎಂದು ನಂಬಿದವರೇ ಇದಕ್ಕೆ ಬಲಿಯಾಗುತ್ತಾರೆ.

ಕೇಳದೆಯೇ ವ್ಯಾಲೆಟ್‌ಗೆ ಬಂದು ಬಿದ್ದ ಅಪರಿಚಿತ ಟೋಕನ್‌ಗಳನ್ನು ಮುಟ್ಟಬೇಡಿ. ಅವು ಬಂದಿರುವುದರಿಂದಲೇ ತೊಂದರೆಯಾಗದು. ಅವುಗಳ ಹೆಸರಿನಲ್ಲಿರುವ ತಾಣಕ್ಕೆ ಹೋಗಿ ಸಹಿ ಹಾಕಿದರೆ ಮಾತ್ರ ಕೆಡುತ್ತದೆ. 2022ರ ಜುಲೈನಲ್ಲಿ ಯೂನಿಸ್ವಾಪ್ ಹೆಸರು ಹೇಳಿಕೊಂಡು 70,000ಕ್ಕೂ ಹೆಚ್ಚು ವಿಳಾಸಗಳಿಗೆ ಇಂಥ ಟೋಕನ್ ಕಳಿಸಿದ್ದರು. ಬಲೆಗೆ ಬಿದ್ದವರಿಂದ ಸುಮಾರು 80 ಲಕ್ಷ ಡಾಲರ್ ಮೌಲ್ಯದ ಕ್ರಿಪ್ಟೋ ದೋಚಿದರು. ವ್ಯಾಲೆಟ್‌ನಲ್ಲಿ 'ಹೈಡ್' ಒತ್ತಿ ಸುಮ್ಮನಾಗಿ.

ಮೊದಲು ನೀವು ಕಳಿಸಿ, ಎರಡು ಪಟ್ಟು ವಾಪಸ್ ಕೊಡುತ್ತೇವೆ ಎನ್ನುವುದು ಯಾವಾಗಲೂ ಮೋಸ, ಹೇಳಿದವರ ಖಾತೆ ಎಷ್ಟೇ ಪ್ರಸಿದ್ಧವಾಗಿರಲಿ. 2020ರ ಜುಲೈ 15ರಂದು ಟ್ವಿಟರ್‌ನಲ್ಲಿ ಜಗತ್ಪ್ರಸಿದ್ಧರ ಖಾತೆಗಳನ್ನೇ ವಶಪಡಿಸಿಕೊಂಡು ಹೀಗೆ ಬರೆದು ಒಂದು ಲಕ್ಷ ಡಾಲರ್‌ಗೂ ಹೆಚ್ಚು ಕಿತ್ತುಕೊಂಡರು. ಟೋಕನ್ ಬಿಡಿಸಿಕೊಳ್ಳಲು ಮುಂಗಡ ತೆರಿಗೆ, ಪರಿಶೀಲನೆ ಶುಲ್ಕ ಕೇಳುವುದೂ ಇದೇ ಜಾತಿ.

ತಪ್ಪು ಸಹಿ ಬಿದ್ದರೆ

ಅನುಮತಿ ಕೊಟ್ಟದ್ದಷ್ಟೇ ಆಗಿದ್ದರೆ, ಈಥೀರಿಯಂ ವಹಿವಾಟುಗಳನ್ನು ತೋರಿಸುವ ತಾಣ ಈಥರ್‌ಸ್ಕ್ಯಾನ್‌ನ ಟೋಕನ್ ಅಪ್ರೂವಲ್ ಪುಟದಲ್ಲೋ ರಿವೋಕ್ ಡಾಟ್ ಕ್ಯಾಶ್‌ನಲ್ಲೋ ವಿಳಾಸ ಹಾಕಿ, ಆ ಅನುಮತಿಯನ್ನು ಹುಡುಕಿ ರದ್ದು ಮಾಡಿ. ಇದೂ ಒಂದು ವಹಿವಾಟು, ಗ್ಯಾಸ್ ಬೇಕು. ತಾಣದಿಂದ ವ್ಯಾಲೆಟ್ 'ಡಿಸ್‌ಕನೆಕ್ಟ್' ಮಾಡಿದರೆ ಅನುಮತಿ ರದ್ದಾಗುವುದಿಲ್ಲ. ಬಳಕೆಯಾಗದ ಪರ್ಮಿಟ್ ಸಹಿ ಈ ಪಟ್ಟಿಗಳಲ್ಲಿ ಕಾಣದೆಯೂ ಇರಬಹುದು, ಅನುಮಾನವಿದ್ದರೆ ಆ ಟೋಕನ್‌ಗಳನ್ನೇ ಬೇರೆ ವ್ಯಾಲೆಟ್‌ಗೆ ಸಾಗಿಸಿಬಿಡಿ.

ಸೀಡ್ ಫ್ರೇಸ್ ಎಲ್ಲಾದರೂ ಟೈಪ್ ಮಾಡಿದ್ದರೆ ರದ್ದತಿಯಿಂದ ಪ್ರಯೋಜನವಿಲ್ಲ. ಇನ್ನೊಂದು ಸಾಧನದಲ್ಲಿ ಹೊಸ ವ್ಯಾಲೆಟ್ ಮಾಡಿ, ಅತಿ ಬೆಲೆಯದ್ದನ್ನು ಮೊದಲು ಸಾಗಿಸಿ. ಹಳೆಯದಕ್ಕೆ ಗ್ಯಾಸ್‌ಗೆಂದು ಹಣ ಹಾಕಿದ ಕೂಡಲೇ ಕಳ್ಳರ ಬಾಟ್‌ಗಳು (ತಾವಾಗಿ ಓಡುವ ಪ್ರೋಗ್ರಾಂಗಳು) ಎತ್ತಿಕೊಂಡು ಹೋಗುವುದುಂಟು. ಕಳೆದದ್ದನ್ನು ವಾಪಸ್ ತರುತ್ತೇವೆ ಎಂದು ಸಂದೇಶ ಕಳಿಸುವವರು ಎರಡನೇ ಸಲ ದೋಚಲು ಬಂದವರು.

ಕೈಗೆ ಬಂದ ಮೇಲೆ

ಪುಕ್ಕಟೆ ಪಡೆದ ಲಕ್ಷಾಂತರ ಜನ ಒಂದೇ ದಿನ ಮಾರಲು ನಿಲ್ಲುವುದರಿಂದ ಬೆಲೆ ಮೊದಲ ವಾರಗಳಲ್ಲಿ ಕುಸಿಯುವುದು ಸಾಮಾನ್ಯ. ಮಾರಬೇಕೋ ಬೇಡವೋ ಎಂಬ ಗೊಂದಲಕ್ಕೆ ಒಂದು ಪ್ರಶ್ನೆ ಸಾಕು: ಇದು ಸಿಗದೇ ಇದ್ದಿದ್ದರೆ, ಇಷ್ಟೇ ಹಣ ಕೈಯಿಂದ ಹಾಕಿ ಇವತ್ತು ಇದನ್ನು ಕೊಳ್ಳುತ್ತಿದ್ದೆನೇ? ಇಲ್ಲ ಎನಿಸಿದರೆ ಮಾರಿ. ಪಾಲನ್ನು ಉಳಿತಾಯದ ವ್ಯಾಲೆಟ್‌ಗೆ ಕಳಿಸಿ, ಏರ್‌ಡ್ರಾಪ್ ವ್ಯಾಲೆಟ್ ಮತ್ತೆ ಬಹುಪಾಲು ಖಾಲಿಯಾಗಿರಲಿ.

ತೆರಿಗೆಯ ವಿಷಯದಲ್ಲಿ ಒಂದು ಗುಂಡಿ ಇದೆ. ಹಲವು ದೇಶಗಳಲ್ಲಿ ಟೋಕನ್ ಕೈಗೆ ಬಂದ ದಿನದ ಬೆಲೆಯನ್ನೇ ಆದಾಯ ಎಂದು ಹಿಡಿಯುತ್ತಾರೆ. 1,000 ಡಾಲರ್ ಬೆಲೆಯಲ್ಲಿ ಪಡೆದು, ಮಾರದೆ ಇಟ್ಟು, 200ಕ್ಕೆ ಇಳಿದರೂ ತೆರಿಗೆಯ ಲೆಕ್ಕ 1,000ದ ಮೇಲೇ ಉಳಿಯಬಹುದು. ನಿಮ್ಮ ದೇಶದ ನಿಯಮ ಹೀಗಿದ್ದರೆ ತೆರಿಗೆಗೆ ಬೇಕಾದಷ್ಟನ್ನು ಬಂದ ದಿನವೇ ಮಾರಿ ಬದಿಗಿಡಿ. ಕ್ಲೇಮ್ ಆದ ಕೂಡಲೇ ಒಂದು ಸಾಲು ಬರೆದಿಡಿ: ದಿನಾಂಕ ಮತ್ತು ಸಮಯ, ಟೋಕನ್ ಸಂಖ್ಯೆ, ಆ ಹೊತ್ತಿನ ಬೆಲೆ, ಕಟ್ಟಿದ ಗ್ಯಾಸ್, ವಹಿವಾಟಿನ ಹ್ಯಾಶ್ (ಗುರುತಿನ ಸಂಖ್ಯೆ). ಪಕ್ಕದಲ್ಲಿ ಈ ಯೋಜನೆಗೆ ವ್ಯಯವಾದ ಗಂಟೆಗಳನ್ನೂ ಬರೆಯಿರಿ. ಬಂದದ್ದರಲ್ಲಿ ಖರ್ಚು ಕಳೆದು ಆ ಗಂಟೆಗಳಿಂದ ಭಾಗಿಸಿದಾಗ ಸಿಗುವ ಸಂಖ್ಯೆಯನ್ನು, ಮುಂದಿನ ಏರ್‌ಡ್ರಾಪ್‌ನ ಮಿತಿ ಗೊತ್ತು ಮಾಡುವಾಗ ಎದುರಿಗಿಟ್ಟುಕೊಳ್ಳಿ.