45 ಎಂಎಂ ಬುಷ್‌ಗೆ ಒಳಗಿನಿಂದ ಇಂಡಕ್ಷನ್ ಹಾರ್ಡನಿಂಗ್: ನನ್ನ ಅನುಭವ

ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಶಾಫ್ಟ್, ಪಿಸ್ಟನ್ ರಾಡ್ ಹಾರ್ಡನಿಂಗ್ ಮಾಡುವವರು ಬೇಕಾದಷ್ಟು ಜನ ಇದ್ದೇವೆ. ಕರೆಂಟ್ ಹರಿಯುವ ತಾಮ್ರದ ಸುತ್ತು, ಅಂದರೆ ಕಾಯಿಲ್, ಹತ್ತಿರ ಇಟ್ಟು ಸ್ಟೀಲ್‌ನ ಮೈ ಮಾತ್ರ ಕಾಯಿಸಿ, ಕೂಡಲೇ ತಂಪು ಮಾಡಿ ಗಟ್ಟಿ ಮಾಡುವುದೇ ಇಂಡಕ್ಷನ್ ಹಾರ್ಡನಿಂಗ್. ಹೊರಮೈ ಕೆಲಸ ಯಾರಿಗೂ ಹೊಸದಲ್ಲ. ಆದರೆ ಬುಷ್‌ನ (ಪಿನ್ ಕೂರುವ ಕೊಳವೆಯಂಥ ತುಂಡು) ಒಳಬೋರ್, ಅಂದರೆ ಒಳಗಿನ ತೂತು, ಅದೂ 50 ಎಂಎಂಗಿಂತ ಸಣ್ಣದು, ಗೋಡೆ ಏಳೆಂಟು ಎಂಎಂ ಅಷ್ಟೇ ಅಂದರೆ ಎಲ್ಲರೂ ಕೈಮುಗಿದು ವಾಪಸ್ ಕಳಿಸುತ್ತಿದ್ದರು. ಈಗ ಅದೇ ಬುಷ್ ನಮ್ಮ ಶಾಪ್‌ನಿಂದ ತಿಂಗಳಿಗೆ ಹೆಚ್ಚುಕಡಿಮೆ ಎರಡು ಸಾವಿರ ಹೋಗುತ್ತಿದೆ. ಹೊಸ ಮಷಿನ್ ತಂದಿಲ್ಲ. ಅದೇ ಹಳೇ 50 ಕಿಲೋವ್ಯಾಟ್ ಐಜಿಬಿಟಿ (ಕರೆಂಟ್ ಸ್ವಿಚ್ ಮಾಡುವ ಎಲೆಕ್ಟ್ರಾನಿಕ್ ಭಾಗ) ಸೆಟ್. ಹೇಗೆ ಆಯ್ತು ಅಂತ ಕೇಳುವವರು ಜಾಸ್ತಿ ಆಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಕೆಲಸ ಬಂದಿದ್ದು ಮಚ್ಛೆ ಕಡೆಯ ಒಬ್ಬ ಗಿರಾಕಿಯಿಂದ. ಅಗೆಯುವ ಮಷಿನ್‌ಗಳ ಬಕೆಟ್ ಪಿನ್‌ಗೆ ಕೂರುವ ಬುಷ್ ಅವರದು. ಬೋರ್ 45, ಹೊರಗೆ 60, ಉದ್ದ 70. ಅವರು ಕಡಿಮೆ ಕಾರ್ಬನ್ ಇರುವ ಅಲಾಯ್ ಸ್ಟೀಲ್ ತಂದು, ಟರ್ನ್ ಮಾಡಿ, ಕೊಲ್ಹಾಪುರದ ಕಡೆಗೆ ಕಾರ್ಬುರೈಸಿಂಗ್‌ಗೆ (ಕುಲುಮೆಯಲ್ಲಿ ಮೈಗೆ ಕಾರ್ಬನ್ ಹಿಡಿಸಿ ಗಟ್ಟಿ ಮಾಡುವುದು) ಕಳಿಸುತ್ತಿದ್ದರು. ಅಲ್ಲಿಂದ ಬರುವಾಗ ಬೋರ್ ಓವಲ್ ಆಗಿರುತ್ತಿತ್ತು. ಮತ್ತೆ ಗ್ರೈಂಡಿಂಗ್. ಎಲ್ಲ ಸೇರಿ ಒಂದು ಬುಷ್‌ಗೆ ನಲವತ್ತು ರೂಪಾಯಿ ದಾಟುತ್ತಿತ್ತು, ಸ್ಟೀಲ್ ದುಬಾರಿ ಅನ್ನುವುದು ಬೇರೆ. ಸಾದಾ ಇಎನ್8ನಲ್ಲಿ (ಮಧ್ಯಮ ಕಾರ್ಬನ್ ಸ್ಟೀಲ್) ಮಾಡಿ, ಬೋರ್ ಮಾತ್ರ 2 ಎಂಎಂ ಆಳಕ್ಕೆ ಹಾರ್ಡ್ ಮಾಡಿಕೊಟ್ಟರೆ ಅರ್ಧ ಖರ್ಚಿನಲ್ಲಿ ಮುಗಿಯುತ್ತೆ ಅಂತ ನಾನೇ ಹೇಳಿದೆ. ಅವರು 52 ಎಚ್‌ಆರ್‌ಸಿ (ಗಡಸುತನದ ರಾಕ್‌ವೆಲ್ ಅಳತೆ) ಬೇಕು ಅಂದರು.

ಪುಣೆಯ ಒಬ್ಬ ಕಾಯಿಲ್ ಸಪ್ಲೈಯರ್‌ಗೆ ಡ್ರಾಯಿಂಗ್ ಕಳಿಸಿದೆ. ನಿಮ್ಮ ಮಷಿನ್ ಮೇಲೆ ಇದು ಆಗಲ್ಲ, ಹೈ ಫ್ರೀಕ್ವೆನ್ಸಿ ಸೆಟ್ ಬೇರೆ ತಗೊಳ್ಳಿ ಅಂತ ಹದಿನಾಲ್ಕು ಲಕ್ಷದ ಹತ್ತಿರದ ಕೊಟೇಶನ್ ಇಟ್ಟರು. ನಮ್ಮಲ್ಲಿ ಆಗಾಗ ಬಂದು ಕೂರುವ ರಿಟೈರ್ಡ್ ಫೋರ್‌ಮನ್ ಒಬ್ಬರಿದ್ದಾರೆ, ಎಲ್ಲರಿಗೂ ಅವರು ಮಾಮಾ. ಅವರೂ ತಲೆ ಆಡಿಸಿದರು. "ಸಾಹುಕಾರ್ರ, ಕಾಯಿಲ್ ಒಳಗ ಹಾಕಿದ್ರ ಕರೆಂಟ್ ಎಲ್ಲಾ ಕಾಯಿಲಿನ ಒಳಮೈಗೇ ಓಡತೈತಿ. ಬುಷ್ ಕಡೆ ಬರೂದಿಲ್ರೀ."

ಮಾಮಾ ಹೇಳಿದ್ದರಲ್ಲಿ ತಪ್ಪಿಲ್ಲ. ಸುತ್ತು ಹಾಕಿದ ತಾಮ್ರದಲ್ಲಿ ಕರೆಂಟ್ ಸುತ್ತಿನ ಒಳಬದಿಯನ್ನೇ ಹಿಡಿಯುತ್ತದೆ. ಶಾಫ್ಟ್‌ಗೆ ಅದು ಅನುಕೂಲ, ಬುಷ್‌ಗೆ ಉಲ್ಟಾ. 6 ಎಂಎಂ ಚೌಕ ಟ್ಯೂಬ್‌ನಲ್ಲಿ ಎರಡು ಸುತ್ತು ಹಾಕಿ, ಹೊರ ಅಳತೆ 41 ಬರುವ ಹಾಗೆ ಕಾಯಿಲ್ ಮಾಡಿ, ಬರೀ ಅದನ್ನೇ ಇಳಿಸಿ ನೋಡಿದೆ. ಪವರ್ ಪೂರ್ತಿ ಏರಿಸಿದರೂ ಬುಷ್ ಮಂಕು ಕೆಂಪಿಗೆ ಬಂದು ನಿಂತುಬಿಟ್ಟಿತು. ಕಾಯಿಲ್‌ನಿಂದ ವಾಪಸ್ ಬರುವ ನೀರು ಮಾತ್ರ ಕೈ ಇಡಲಾರದಷ್ಟು ಬಿಸಿ.

ಕಾಯಿಲ್ ಮಧ್ಯೆ ಕೋರ್ ತುಂಬಿದರೆ ಕರೆಂಟ್ ಹೊರಬದಿಗೆ ತಳ್ಳಿಸಿಕೊಳ್ಳುತ್ತದೆ. ಇದು ಎಲ್ಲರಿಗೂ ಗೊತ್ತು, ಆದರೆ ಮಾಡಿದವರು ಕಡಿಮೆ. ಮೊದಲು ಹಳೇ ಟೀವಿ ರಿಪೇರಿಯವನ ಹತ್ತಿರ ಫ್ಲೈಬ್ಯಾಕ್ ಟ್ರಾನ್ಸ್‌ಫಾರ್ಮರ್‌ನ ಫೆರೈಟ್ (ಮ್ಯಾಗ್ನೆಟಿಕ್ ಸೆರಾಮಿಕ್) ತಂದೆ. ಒಂದೊಂದು ತುಂಡು ಹತ್ತು ರೂಪಾಯಿ. ಡೈಮಂಡ್ ವ್ಹೀಲ್‌ನಲ್ಲಿ ಕೊರೆದು ಕಾಯಿಲ್ ಒಳಗೆ ಕೂರಿಸಿದೆ. ಅದೇ ಸೆಟ್ಟಿಂಗ್‌ನಲ್ಲಿ ಬೋರ್ ಕಣ್ಣೆದುರಿಗೆ ಕಿತ್ತಳೆ ಬಣ್ಣಕ್ಕೆ ಬಂತು. ಮಾಮಾ ಕುರ್ಚಿ ಬಿಟ್ಟು ಎದ್ದು ಬಂದು ನೋಡಿದರು.

ಆದರೆ ಫೆರೈಟ್ ಬಾಳಲಿಲ್ಲ. ಇನ್ನೂರು ಡಿಗ್ರಿ ದಾಟಿದರೆ ಅದರ ಮ್ಯಾಗ್ನೆಟಿಸಂ ಹೋಗುತ್ತದೆ, ಜೊತೆಗೆ ಬಿಸಿ ಇದ್ದಾಗ ನೀರು ಸಿಡಿದರೆ ಬಿರುಕು. ಹತ್ತು ಹದಿನೈದು ಬುಷ್ ಆಗುವಷ್ಟರಲ್ಲಿ ಚೂರು ಕಳಚಿ ಕಾಯಿಲ್‌ಗೂ ಬೋರ್‌ಗೂ ನಡುವೆ ಸಿಕ್ಕಿಕೊಳ್ಳುತ್ತಿತ್ತು. ಬುಷ್ ತಿರುಗುವಾಗ ಆ ಚೂರು ಕಾಯಿಲ್‌ನ ಒಂದು ಪಕ್ಕಕ್ಕೆ ಒತ್ತಿ ತಾಮ್ರ ಬೋರ್‌ಗೆ ತಾಗಿಬಿಡುತ್ತಿತ್ತು. ಚಟ್ ಅಂತ ಆರ್ಕ್. ಟ್ಯೂಬ್‌ಗೆ ತೂತು, ಎಲ್ಲ ಕಡೆ ನೀರು. ಒಂದು ಕಾಯಿಲ್ ಹೋದರೆ ತಾಮ್ರ, ಸಿಲ್ವರ್ ಬ್ರೇಜಿಂಗ್, ಕೂಲಿ ಸೇರಿ ಮೂರೂವರೆ ಸಾವಿರ. ಇಂಥ ಕಾಯಿಲ್‌ಗಳು ಇನ್ನೂ ನಮ್ಮ ಶಾಪ್‌ನ ಗೋಡೆಯಲ್ಲಿ ಒಂದು ಮೊಳೆ ತುಂಬ ನೇತಾಡುತ್ತಿವೆ.

ಆಮೇಲೆ ಕಬ್ಬಿಣದ ಪುಡಿ ಒತ್ತಿ ಮಾಡಿದ ಕೋರ್‌ಗೆ ಹೋದೆ, ಫ್ಲಕ್ಸ್‌ಟ್ರೋಲ್ ಥರದ್ದು. ಒಂದು ಸಣ್ಣ ದಿಂಡಿಗೆ ಒಂಬತ್ತು ಸಾವಿರದ ಹತ್ತಿರ ಬಿತ್ತು. ಮನೆಯಲ್ಲಿ ಹೇಳಲಿಲ್ಲ. ಅದರ ದೊಡ್ಡ ಗುಣ ಅಂದರೆ ಲೇಥ್‌ನಲ್ಲಿ ಬೇಕಾದ ಆಕಾರಕ್ಕೆ ಟರ್ನ್ ಆಗುತ್ತದೆ, ಸಿಡಿಯುವುದಿಲ್ಲ. ಕಾಯಿಲ್‌ನ ಟ್ಯೂಬ್ ಮಧ್ಯದಿಂದ ವಾಪಸ್ ಹೋಗುವ ಕಾಲಿಗೆ ಕೋರ್‌ನಲ್ಲಿ ಜಾಗ ಕೊರೆದೆ. ಒಂದು ಮಾತು ಇಲ್ಲಿ ಗಟ್ಟಿಯಾಗಿ ಹೇಳಬೇಕು. ಕೋರ್ ತಾಮ್ರಕ್ಕೆ ಒತ್ತಿ ಕೂತಿರಬೇಕು. ಕೂದಲೆಳೆ ಸಂದಿ ಇದ್ದರೂ ಕೋರ್‌ನ ಶಾಖ ನೀರಿಗೆ ಇಳಿಯುವುದಿಲ್ಲ, ವಾರದಲ್ಲಿ ಸುಟ್ಟು ಕರಕಲಾಗುತ್ತದೆ. ಅಂಟು ಎಪಾಕ್ಸಿನೇ, ಆದರೆ ಅದರಲ್ಲಿ ಏನು ಬೆರೆಸುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ಅದಕ್ಕೆ ತುಂಬ ದುಡ್ಡು ಕಳೆದಿದ್ದೇನೆ.

ಇನ್ನು ಫ್ರೀಕ್ವೆನ್ಸಿ. ಶಾಫ್ಟ್‌ಗೆ ನಾವು 10 ಕಿಲೋಹರ್ಟ್ಜ್‌ನಲ್ಲಿ ಓಡಿಸುತ್ತಿದ್ದೆವು. ಬಿಸಿ ಸ್ಟೀಲ್‌ನಲ್ಲಿ ಅದು 5 ಎಂಎಂ ಆಳಕ್ಕೆ ಇಳಿಯುತ್ತದೆ. ಗೋಡೆಯೇ ಏಳೂವರೆ ಎಂಎಂ ಇದ್ದರೆ ಪೂರ್ತಿ ಬುಷ್ ಕಾಯುತ್ತದೆ, ಪೂರ್ತಿ ಹಾರ್ಡ್ ಆಗುತ್ತದೆ, ಸೀಳುತ್ತದೆ. ಫ್ರೀಕ್ವೆನ್ಸಿ ಏರಿದಷ್ಟೂ ಆಳ ಕಡಿಮೆ. ಅದಕ್ಕೇ ಕಾಯಿಲ್ ಜೊತೆ ಸೇರಿ ಫ್ರೀಕ್ವೆನ್ಸಿ ತೀರ್ಮಾನಿಸುವ ಟ್ಯಾಂಕ್ ಕೆಪಾಸಿಟರ್‌ಗಳನ್ನು ಕಳಚುತ್ತ ಹೋಗಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಟ್ಯಾಪ್ ಬದಲಿಸಿ, 25ರ ಆಸುಪಾಸಿಗೆ ಏರಿಸಿದೆ. ಆಳ 3 ಎಂಎಂಗೆ ಬಂತು. ನಿಮ್ಮ ಮಷಿನ್‌ನ ಮೇಲಿನ ಮಿತಿ ನೋಡಿಕೊಂಡೇ ಮಾಡಿ, ಐಜಿಬಿಟಿ ಹಾರಿದರೆ ಬುಷ್‌ನ ಲಾಭ ವರ್ಷಕ್ಕೂ ಸಾಲುವುದಿಲ್ಲ. ಇಷ್ಟಾದ ಮೇಲೂ ಹೊರಮೈಗೆ ಒಂದು ನೀರಿನ ರಿಂಗ್ ಸುತ್ತ ಹಾಕಿದ್ದೇನೆ, ಶಾಖ ಹೊರಗಿನವರೆಗೆ ಹಬ್ಬಬಾರದು ಅಂತ.

ಮೀಟರ್ ಮೇಲೆ ಕಣ್ಣಿಟ್ಟರೆ ಒಂದು ಸೂಕ್ಷ್ಮ ಸಿಗುತ್ತದೆ. ಬೋರ್‌ನ ಮೈ 770 ಡಿಗ್ರಿ ದಾಟಿ ಮ್ಯಾಗ್ನೆಟಿಸಂ ಬಿಟ್ಟ ಕೂಡಲೇ ಫ್ರೀಕ್ವೆನ್ಸಿ ತಾನಾಗಿ ಮೇಲೇರುತ್ತದೆ, 22 ಇದ್ದದ್ದು 25 ಆಗುತ್ತದೆ. ನಮ್ಮ ಹುಡುಗ ಪೈರೋಮೀಟರ್ (ದೂರದಿಂದ ಶಾಖ ಅಳೆಯುವ ಮೀಟರ್) ನೋಡುವುದೇ ಇಲ್ಲ. ಆ ಏರಿಕೆ ನೋಡಿ ಫೀಡ್ ಬಿಡುತ್ತಾನೆ. ಬುಷ್ ಸೆಕೆಂಡಿಗೆ 5 ಎಂಎಂ ಕೆಳಗೆ ಇಳಿಯುತ್ತದೆ, ಕಾಯಿಲ್ ನಿಂತಲ್ಲೇ ಇರುತ್ತದೆ, ಕಾಯಿಲ್ ಕೆಳಗಿನ ಸ್ಪ್ರೇಯಿಂದ ಕ್ವೆಂಚ್, ಅಂದರೆ ಥಟ್ಟನೆ ತಂಪು ಮಾಡುವುದು. ಒಂದು ಬುಷ್ ಹದಿನೈದು ಸೆಕೆಂಡ್.

ಕ್ವೆಂಚ್ ನಮ್ಮನ್ನು ಎಲ್ಲಕ್ಕಿಂತ ಜಾಸ್ತಿ ಕಾಡಿತು. ತಂಪಾಗುವುದು ಸ್ವಲ್ಪ ನಿಧಾನ ಆಗಲಿ ಅಂತ ಸ್ಪ್ರೇ ನೀರಿಗೆ ಪಾಲಿಮರ್ 7 ಪರ್ಸೆಂಟ್ ಹಾಕುತ್ತೇನೆ, ರಿಫ್ರಾಕ್ಟೋಮೀಟರ್‌ನಲ್ಲಿ ದಿನಾ ಬೆಳಿಗ್ಗೆ ನೋಡುತ್ತೇನೆ. ಸಮಸ್ಯೆ ಅದಲ್ಲ. ಬೋರ್ ಒಳಗೆ ಜಾಗ ಇಲ್ಲ. ಸ್ಪ್ರೇ ಗೋಡೆಗೆ ಹೊಡೆದು ಮೇಲಕ್ಕೆ ಚಿಮ್ಮಿ, ಇನ್ನೂ ಕಾಯುತ್ತಿರುವ ಜಾಗಕ್ಕೆ ಬೀಳುತ್ತದೆ. ಅಲ್ಲಿ ಸಾಫ್ಟ್ ಸ್ಪಾಟ್. ಬುಷ್ ಕತ್ತರಿಸಿ, ಪಾಲಿಶ್ ಮಾಡಿ ನೈಟಾಲ್ (ನೈಟ್ರಿಕ್ ಆಸಿಡ್ ಬೆರೆಸಿದ ಆಲ್ಕೋಹಾಲ್) ಹಚ್ಚಿದರೆ ಹಾರ್ಡ್ ಪದರ ಬೇರೆ ಬಣ್ಣದಲ್ಲಿ ಎದ್ದು ಕಾಣಬೇಕು, ಅಲ್ವಾ? ನಮ್ಮದರಲ್ಲಿ ಅದು ಇಲಿ ಕಡಿದ ರೊಟ್ಟಿಯ ಅಂಚಿನ ಹಾಗೆ ಇತ್ತು. ಸ್ಪ್ರೇ ತೂತುಗಳನ್ನು ಕೆಳಮುಖವಾಗಿ ಓರೆ ಕೊರೆದ ಮೇಲೆ ಸರಿಹೋಯಿತು. ಎಷ್ಟು ಓರೆ, ಎಷ್ಟು ತೂತು ಅಂತ ಫೋನ್ ಮಾಡಿ ಕೇಳಿದವರಿಗೂ ಹೇಳಿಲ್ಲ. ನೀವೇ ಮಾಡಿ ನೋಡಿ, ಮೂವತ್ತು ಡಿಗ್ರಿಯಿಂದ ಶುರು ಮಾಡಿದರೆ ಸಾಕು.

ಗ್ರೀಸ್ ತೂತಿನ ಕಥೆ ಬೇರೆ. ಈ ಬುಷ್‌ಗಳ ಮಧ್ಯೆ 6 ಎಂಎಂ ತೂತು ಇರುತ್ತದೆ. ಕರೆಂಟ್ ಅದನ್ನು ಬಳಸಿಕೊಂಡು ಹೋಗುವಾಗ ಎರಡು ಪಕ್ಕದ ಅಂಚಿನಲ್ಲಿ ಒತ್ತಾಗಿ ಓಡುತ್ತದೆ. ಸುತ್ತ ಎಲ್ಲ ಕಿತ್ತಳೆ ಇದ್ದರೆ ಆ ಅಂಚು ಬಿಳಿಗೆ ತಿರುಗಿರುತ್ತದೆ. ಕ್ವೆಂಚ್ ಬಿದ್ದ ಕೂಡಲೇ ಅಲ್ಲಿಂದ ಉಗುರಿನಷ್ಟು ಉದ್ದದ ಬಿರುಕು. ಮೊದಲ ಲಾಟ್‌ನಲ್ಲಿ ಇನ್ನೂರರಲ್ಲಿ ಮೂವತ್ತು ನಲವತ್ತು ಹೀಗೇ ಹೋದವು. ಗಿರಾಕಿಯ ಕ್ವಾಲಿಟಿ ಮನುಷ್ಯ ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು, ಕಾರ್ಬುರೈಸಿಂಗೇ ಚಲೋ ಇತ್ತು ಅಂದರು.

ಇದಕ್ಕೆ ದಾರಿ ತೋರಿಸಿದ್ದು ಮಾಮಾನೇ. ತೂತಿಗೆ ತಾಮ್ರದ ಗೂಟ ಬಡಿಯಿರಿ ಅಂದರು. ತಾಮ್ರ ಇದ್ದರೆ ಕರೆಂಟ್ ಬಳಸಿ ಹೋಗದೆ ನೇರ ದಾಟುತ್ತದೆ, ಶಾಖವನ್ನೂ ಎಳೆದುಕೊಳ್ಳುತ್ತದೆ. ತೂತಿನ ಅಂಚನ್ನು ಒಳಗಿನಿಂದ ಚಾಂಫರ್ ಮಾಡಿ, ಗೂಟವನ್ನು ಬೋರ್‌ಗೆ ಸಮನಾಗಿ ಬಿಗಿಯಾಗಿ ಕೂರಿಸಬೇಕು. ಸಡಿಲ ಇದ್ದರೆ ಪ್ರಯೋಜನ ಇಲ್ಲ. ಒಂದು ಗೂಟ ಇಪ್ಪತ್ತು ಮೂವತ್ತು ಸಲ ನಡೆಯುತ್ತದೆ. ಈಗ ಬಿರುಕು ಸಾವಿರಕ್ಕೆ ಎರಡೋ ಮೂರೋ, ಅದೂ ಬಾರ್‌ನಲ್ಲೇ ದೋಷ ಇದ್ದಾಗ.

ಬಾರ್ ಬಗ್ಗೆ ಒಂದು ಮಾತು. ಬರೀ ಹಾಟ್ ರೋಲ್ಡ್ ಇಎನ್8 ಕೊಟ್ಟರೆ ನಾನು ತಗೊಳ್ಳುವುದಿಲ್ಲ. ನಾವು ಕಾಯಿಸುವುದು ಮೂರು ಸೆಕೆಂಡ್. ಅಷ್ಟರಲ್ಲಿ ಸ್ಟೀಲ್ ಒಳಗಿನ ದಪ್ಪ ಫೆರೈಟ್ ಕಣಗಳಿಗೆ (ಟೀವಿಯ ಫೆರೈಟ್ ಅಲ್ಲ, ಕಾರ್ಬನ್ ಇಲ್ಲದಷ್ಟು ಕಡಿಮೆ ಇರುವ ಕಬ್ಬಿಣದ ಕಣ) ಕಾರ್ಬನ್ ಹರಡುವುದಿಲ್ಲ, ಹಾರ್ಡ್‌ನೆಸ್ ಒಂದೊಂದು ಕಡೆ ಒಂದೊಂದು ಬರುತ್ತದೆ. ನಾರ್ಮಲೈಸ್ (ಕಾಯಿಸಿ ಗಾಳಿಯಲ್ಲಿ ಆರಿಸಿ ಕಣ ಸಣ್ಣ ಮಾಡುವುದು) ಆಗಿರಬೇಕು, ಕಾರ್ಬನ್ 0.40 ಪರ್ಸೆಂಟ್‌ನ ಮೇಲಿದ್ದರೆ ಇನ್ನೂ ಒಳ್ಳೆಯದು. ಕ್ವೆಂಚ್ ಆದ ಒಂದು ಗಂಟೆಯೊಳಗೆ 170 ಡಿಗ್ರಿಯಲ್ಲಿ ಎರಡು ಗಂಟೆ ಟೆಂಪರಿಂಗ್, ಅಂದರೆ ಪೆಡಸುತನ ಇಳಿಸಲು ಹದವಾಗಿ ಕಾಯಿಸುವುದು. ಅದಕ್ಕೆ ಬೇಕರಿಯ ಹಳೇ ಓವನ್ ತಂದಿದ್ದೇನೆ, ಹನ್ನೊಂದು ಸಾವಿರಕ್ಕೆ ಸಿಕ್ಕಿತು, ಬಹಳ ಚೆನ್ನಾಗಿ ನಡೆಯುತ್ತಿದೆ. ಬೋರ್ 0.04 ಎಂಎಂ ಹತ್ತಿರ ಕುಗ್ಗುತ್ತದೆ. ಗಿರಾಕಿ ಅಷ್ಟು ಮೊದಲೇ ದೊಡ್ಡದು ಬೋರ್ ಮಾಡಿ ಕಳಿಸುತ್ತಾರೆ, ಆಮೇಲೆ ಬರೀ ಹೋನಿಂಗ್ (ಕಲ್ಲಿನಿಂದ ನಯವಾಗಿ ಉಜ್ಜುವುದು).

ಕಾಯಿಲ್ ನೀರಿಗೆ ಬೋರ್‌ವೆಲ್ ನೀರು ಹಾಕಲೇಬೇಡಿ. ಇಷ್ಟು ಸಣ್ಣ ಟ್ಯೂಬ್‌ನಲ್ಲಿ ಸುಣ್ಣ ಕಟ್ಟಲು ತಿಂಗಳು ಸಾಕು. ಡಿಎಂ (ಲವಣ ತೆಗೆದ) ನೀರು, ಬೇರೆ ಪಂಪ್. ಆಪರೇಟರ್ ಕೈಯಲ್ಲಿ ಉಂಗುರ ಇರಬಾರದು, ಕಾಯಿಲ್ ಹತ್ತಿರ ಅದೂ ಕಾದುಬಿಡುತ್ತದೆ.

ದುಡ್ಡಿನ ವಿಷಯ. ಕೋರ್, ಹಾಳಾದ ಕಾಯಿಲ್, ಕತ್ತರಿಸಿ ಬಿಸಾಕಿದ ಬುಷ್, ಹೊಸ ಪಂಪ್, ಫಿಕ್ಸ್ಚರ್ ಎಲ್ಲ ಸೇರಿ ಎರಡು ಮುಕ್ಕಾಲು ಲಕ್ಷ ಆಗಿರಬೇಕು. ಒಂದು ಬುಷ್‌ಗೆ ಕರೆಂಟ್ ಪಂಪ್ ಸೇರಿ ಎರಡೂವರೆ ರೂಪಾಯಿ. ಪಾಲಿಮರ್, ಕೂಲಿ, ಕಾಯಿಲ್ ಸವೆತ ಹಿಡಿದರೆ ಒಂಬತ್ತು. ನಾವು ತಗೊಳ್ಳುವುದು ಇಪ್ಪತ್ತೆರಡು. ವರ್ಷದ ಆಚೆ ಈಚೆ ಹಾಕಿದ ದುಡ್ಡು ಬಂತು. ಹದಿನಾಲ್ಕು ಲಕ್ಷದ ಕೊಟೇಶನ್ ಇನ್ನೂ ಫೈಲ್‌ನಲ್ಲಿದೆ.

ನಡುವೆ ಬೇರೆ ಪ್ರಯೋಗಗಳೂ ಆದವು. ಹುಪರಿಯಿಂದ ಬೆಳ್ಳಿ ಕೆಲಸದ ಒಬ್ಬ ಪರಿಚಯದವರು ಬಂದಿದ್ದರು. ಅವರಿಗೋಸ್ಕರ ಚಿಕ್ಕ ಕಾಯಿಲ್ ಸುತ್ತಿ ಬೆಳ್ಳಿ ಕರಗಿಸಿದೆವು. ಮಣ್ಣಿನ ಮೂಸೆಯಲ್ಲಿ ಇಟ್ಟ ಬೆಳ್ಳಿ ಚೂರು ಜಪ್ಪಯ್ಯ ಅಂದರೂ ಕರಗಲಿಲ್ಲ. ಅದರ ರೆಸಿಸ್ಟೆನ್ಸ್ ಅಷ್ಟು ಕಡಿಮೆ. ಗ್ರಾಫೈಟ್ ಮೂಸೆಗೆ ಹಾಕಿದ ಕೂಡಲೇ ಮೂಸೆಯೇ ಕಾದು ಬೆಳ್ಳಿ ಇಳಿಯಿತು. ಅಲ್ಯುಮಿನಿಯಂ ಕರಗಿಸಿದಾಗ ಮೇಲ್ಮೈ ನಡುವೆ ಉಬ್ಬಿ ತಾನೇ ಕಲಕಿಕೊಳ್ಳುವುದನ್ನು ನೋಡುತ್ತ ಹುಡುಗರು ಊಟಕ್ಕೆ ಹೋಗುವುದನ್ನೇ ಮರೆತಿದ್ದರು. ಅದರಿಂದ ದುಡ್ಡು ಬರಲಿಲ್ಲ. ಕಾರ್ಬೈಡ್ ಟಿಪ್ ಬ್ರೇಜಿಂಗ್‌ನಿಂದ (ಕತ್ತರಿಸುವ ಟೂಲ್‌ನ ತುದಿಯ ಬೆಸುಗೆ) ಬಂತು. ಗ್ಯಾಸ್‌ಗಿಂತ ವೇಗ, ಟಿಪ್ ಸೀಳುವುದೂ ಕಡಿಮೆ. ಬುಷ್ ಇಲ್ಲದ ದಿನ ಅದೇ ನಡೆಯುತ್ತದೆ.

ಇಎನ್19 (ಕ್ರೋಮಿಯಂ, ಮಾಲಿಬ್ಡಿನಂ ಇರುವ ಅಲಾಯ್ ಸ್ಟೀಲ್) ಬುಷ್ ಕೂಡ ಈಗ ಶುರು ಮಾಡಿದ್ದೇನೆ. ಅದಕ್ಕೆ 7 ಪರ್ಸೆಂಟ್ ಪಾಲಿಮರ್ ಸಾಲದು, ಬಿರುಕು ಬಿಡುತ್ತದೆ. 12ಕ್ಕೆ ಏರಿಸಿದ ಮೇಲೆ ನಿಂತಿದೆ. 32 ಎಂಎಂ ಬೋರ್ ಕೇಳಿಕೊಂಡು ಬಂದಿದ್ದಾರೆ. ಅಲ್ಲಿ ಸುತ್ತಿನ ಕಾಯಿಲ್ ಒಳಗೆ ಕೋರ್‌ಗೆ ಜಾಗವೇ ಉಳಿಯುವುದಿಲ್ಲ. ಹಾಗಾಗಿ ಹೇರ್‌ಪಿನ್ ಥರ ಬಾಗಿಸಿದ ಉದ್ದನೆಯ ಕಾಯಿಲ್ ಇಳಿಸಿ, ಬುಷ್ ಅನ್ನು ಜೋರಾಗಿ ತಿರುಗಿಸಿ, ಒಂದೇ ಶಾಟ್‌ನಲ್ಲಿ ಮಾಡುತ್ತಿದ್ದೇನೆ. ಆಳ ಸರಿಯಾಗಿ ಬರುತ್ತಿದೆ, ತುದಿಯ ಐದು ಎಂಎಂ ಮಾತ್ರ ಇನ್ನೂ 45 ಎಚ್‌ಆರ್‌ಸಿ ದಾಟಿಲ್ಲ. ಹೇರ್‌ಪಿನ್‌ನ ಬಾಗಿದ ತುದಿಗೂ ಕೋರ್ ಕೂರಿಸಲು ಹೊಸ ದಿಂಡಿಗೆ ಆರ್ಡರ್ ಹಾಕಿದ್ದೇನೆ.