ಮಿಸ್ತ್ರಿಯ ಗಂಟೆಗೆ ಬೆಲೆ ಕಟ್ಟಿದ್ದು: ಭೋಸರಿಯ ಗ್ಯಾರೇಜಿನಿಂದ ನನ್ನ ಅನುಭವ

ಪುಣೆ ಬಳಿಯ ಭೋಸರಿಯ ನನ್ನ ಗ್ಯಾರೇಜಿನಿಂದ ಕಳೆದ ಎರಡು ವರ್ಷಗಳಲ್ಲಿ ಒಬ್ಬ ಮಿಸ್ತ್ರಿಯೂ (ಮೆಕ್ಯಾನಿಕ್) ಎರಡು ಸಾವಿರ ರೂಪಾಯಿ ಹೆಚ್ಚಿನ ಪಗಾರದ ಆಸೆಗೆ ಪಕ್ಕದ ಗ್ಯಾರೇಜಿಗೆ ಹೋಗಿಲ್ಲ. ಗಂಟೆಯ ಲೆಕ್ಕದಲ್ಲಿ ಪಗಾರ ಕೊಡುತ್ತೇನೆಂದಾಗ, ನಾನಾ ಪೇಠೆಯಲ್ಲಿ ಬಿಡಿಭಾಗ ಮಾರುವ ನಮ್ಮ ವಿಜಯಪುರದ ಕಡೆಯವರೇ "ಇದೇನು ಅಮೆರಿಕವೇ?" ಎಂದು ನಕ್ಕಿದ್ದರು. ಅವರಲ್ಲಿ ಇಬ್ಬರು ಈಗ ತಮ್ಮ ಪರಿಚಯದ ಗ್ಯಾರೇಜಿನವರನ್ನು ಈ ಲೆಕ್ಕ ಕೇಳಲು ನನ್ನಲ್ಲಿಗೆ ಕಳಿಸುತ್ತಾರೆ.

ನಾನು 2006ರಲ್ಲಿ ಶಾರ್ಜಾಕ್ಕೆ ಹೋದಾಗ ತಿಂಗಳಿಗೆ 1,200 ದಿರ್ಹಮ್ ಸಿಗುತ್ತಿತ್ತು. ಆಗ ಒಂದು ದಿರ್ಹಮಿಗೆ ಸುಮಾರು 12 ರೂಪಾಯಿ. ಅದೇ ಕ್ಲಚ್ ಪ್ಲೇಟನ್ನು ಪುಣೆಯಲ್ಲಿ ಬಿಚ್ಚುವಾಗ ಐದು ಸಾವಿರ ರೂಪಾಯಿ ಪಗಾರವಿದ್ದ ನನ್ನ ಕೈ, ಸಮುದ್ರ ದಾಟಿದೊಡನೆ ಮೂರು ಪಟ್ಟು ಚುರುಕಾಗಿರಲಿಲ್ಲ. ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತೆಂಬುದು ಬಹಳ ವರ್ಷ ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಅಮೆರಿಕದ ಸರ್ಕಾರದ ಅಂಕಿಗಳಂತೆ 2023ರಲ್ಲಿ ಅಲ್ಲಿನ ವಾಹನ ಮೆಕ್ಯಾನಿಕರ ನಡುಮಟ್ಟದ ವಾರ್ಷಿಕ ಸಂಬಳ 48 ಸಾವಿರ ಡಾಲರಿಗೆ ಹತ್ತಿರವಿತ್ತು, ಎಂದರೆ ಗಂಟೆಗೆ 23 ಡಾಲರ್. ಆದರೆ ಅಲ್ಲಿನ ಅನೇಕ ಗ್ಯಾರೇಜುಗಳು ಗಿರಾಕಿಯ ಬಿಲ್ಲಿನಲ್ಲಿ ಅದೇ ಗಂಟೆಗೆ 100 ಡಾಲರಿಗೂ ಹೆಚ್ಚು ಬರೆಯುತ್ತವೆ. ಜರ್ಮನಿಯಲ್ಲಿ ಮೂರೂವರೆ ವರ್ಷ ಸ್ಟೈಪೆಂಡ್ ಪಡೆಯುತ್ತಾ ಕಲಿತು ಪರೀಕ್ಷೆ ಪಾಸಾದವನ ಗಂಟೆಗೂ ಬಿಲ್ಲಿನಲ್ಲಿ ಬೇರೆಯೇ ಸಾಲು ಇರುತ್ತದೆ. ನನ್ನ ಬಿಲ್ಲಿನಲ್ಲಿ ಇದ್ದದ್ದೇನು? ಬ್ರೇಕ್ ಪ್ಯಾಡ್ ಬದಲಿಸಲು ಲೇಬರ್ 200 ರೂಪಾಯಿ, ಪ್ಯಾಡಿನ ಮೇಲಿನ ಲಾಭ 300. ನಾನು ನಡೆಸುತ್ತಿದ್ದದ್ದು ಗ್ಯಾರೇಜಲ್ಲ, ಮಿಸ್ತ್ರಿಯನ್ನು ಪುಕ್ಕಟೆ ಕೊಡುವ ಬಿಡಿಭಾಗದ ಅಂಗಡಿ.

2019ರಲ್ಲಿ ಮೊದಲ ಪ್ರಯತ್ನವಾಗಿ, ನಿಗದಿತ ಪಗಾರವನ್ನು ಪೂರ್ತಿ ತೆಗೆದು ಅಮೆರಿಕದಂತೆ ಕೆಲಸಕ್ಕಿಷ್ಟು ಗಂಟೆ ಎಂದು ಗೊತ್ತುಮಾಡಿದೆ; ಎಷ್ಟೇ ಹೊತ್ತು ಹಿಡಿದರೂ ಅಷ್ಟೇ ಗಂಟೆಯ ಪಗಾರ. ಎರಡೇ ತಿಂಗಳಲ್ಲಿ ಸುಲಭದ ಕೆಲಸಗಳಿಗೆ ಜಗಳ ಶುರುವಾಯಿತು; ವೈರಿಂಗ್ ದೋಷವಿರುವ ಗಾಡಿ ಗೇಟಿನೊಳಗೆ ಬಂದರೆ ಎಲ್ಲರಿಗೂ ಒಮ್ಮೆಲೇ ಚಹಾ ನೆನಪಾಗುತ್ತಿತ್ತು. ಅವಸರದಲ್ಲಿ ಎಂಜಿನ್ ಹೆಡ್ಡಿನ ಬೋಲ್ಟುಗಳನ್ನು ಟಾರ್ಕ್ (ಬಿಗಿತದ ಅಳತೆ) ನೋಡದೆ ಬಿಗಿದ ಒಂದು ಡೀಸೆಲ್ ಗಾಡಿ ನನ್ನ ಜೇಬಿನಿಂದ 38 ಸಾವಿರ ರೂಪಾಯಿ ಕಿತ್ತುಕೊಂಡಿತು. 2021ರಲ್ಲಿ ಬಿಡಿಭಾಗದ ಮೇಲೆ ಶೇಕಡಾ ಐದರ ಕಮಿಷನ್ ಕೊಟ್ಟು ನೋಡಿದೆ. ಚೆನ್ನಾಗಿದ್ದ ಶಾಕ್ ಅಬ್ಸಾರ್ಬರುಗಳೂ ಬದಲಾಗತೊಡಗಿದವು. ಅದನ್ನು ಕಂಡುಹಿಡಿದದ್ದು ನಾನಲ್ಲ, ಒಬ್ಬ ನಿವೃತ್ತ ಶಿಕ್ಷಕರಾದ ಗಿರಾಕಿ. ಆ ನಾಚಿಕೆಯನ್ನು ಇನ್ನೂ ಮರೆತಿಲ್ಲ.

2022ರಲ್ಲಿ ಬಿಲ್ಲನ್ನೇ ತಿರುವಿಹಾಕಿದೆ. ಲೇಬರ್ ದರವನ್ನು ಗಂಟೆಗೆ 250ರಿಂದ 450ಕ್ಕೆ ಏರಿಸಿ, ಬಿಡಿಭಾಗಗಳನ್ನು ಮುದ್ರಿತ ಬೆಲೆಗಿಂತ ಸುಮಾರು ಶೇಕಡಾ ಎಂಟು ಕಡಿಮೆಗೆ ಕೊಡತೊಡಗಿದೆ. ನಾಲ್ಕು ತಿಂಗಳಲ್ಲಿ ಸುಮಾರು ನಲವತ್ತು ಕಾಯಂ ಗಿರಾಕಿಗಳು ಬಿಟ್ಟುಹೋದರು, ತಿಂಗಳಿಗೆ 60-70 ಸಾವಿರ ಕಡಿಮೆ ಬಿತ್ತು, ಮನೆಯವಳ ಪಾಟಲಿ ಬಳೆಗಳು ಗಿರವಿಗೆ ಹೋದವು. ದೀಪಾವಳಿಯ ಹೊತ್ತಿಗೆ ಅರ್ಧದಷ್ಟು ಗಿರಾಕಿಗಳು ಮರಳಿದರು, ಏಕೆಂದರೆ ಒಟ್ಟು ಬಿಲ್ಲು ಹೆಚ್ಚಿರಲಿಲ್ಲ, ಗಾಡಿಯನ್ನು ಮತ್ತೆ ಮತ್ತೆ ತರುವುದು ತಪ್ಪಿತ್ತು.

ಪಗಾರದ ಲೆಕ್ಕ ಹೀಗಿದೆ: ಪ್ರತಿ ಮಿಸ್ತ್ರಿಗೂ 20 ಸಾವಿರ ಖಾತರಿ, ತಿಂಗಳಿಗೆ 110 ಗಂಟೆಯ ಕೆಲಸ ದಾಟಿದ ಮೇಲೆ ಪ್ರತಿ ಗಂಟೆಗೆ 180 ರೂಪಾಯಿ. ಮರಳಿ ಬಂದ ಗಾಡಿಯನ್ನು ಅದೇ ಮಿಸ್ತ್ರಿ ಶೂನ್ಯ ಗಂಟೆಗೆ, ಎಂದರೆ ಗಂಟೆಯ ಲೆಕ್ಕಕ್ಕೆ ಸೇರಿಸದೆ, ಸರಿಪಡಿಸಬೇಕು, ಆದರೆ ಪಗಾರದಿಂದ ಒಂದು ರೂಪಾಯಿಯನ್ನೂ ಮುರಿಯುವುದಿಲ್ಲ. ದೋಷ ಹುಡುಕುವುದಕ್ಕೂ ಪ್ರತ್ಯೇಕ ಗಂಟೆ ಕೊಡುತ್ತೇನೆ. 2020ರ ಏಪ್ರಿಲಿನಲ್ಲಿ ಬಿಎಸ್ 6 (ವಾಹನದ ಹೊಗೆಗೆ ಮಿತಿ ಹಾಕುವ ನಿಯಮ) ಬಂದ ಮೇಲೆ ಅರ್ಧ ಹೊತ್ತು ದೋಷ ಓದುವ ಸ್ಕ್ಯಾನರ್ ಮುಂದೆಯೇ ಕಳೆಯುತ್ತದೆಂಬುದು ನಿಮಗೆ ಗೊತ್ತೇ ಇದೆ. ಬಿಟ್ಟುಬಿಟ್ಟು ಕಾಣಿಸಿಕೊಳ್ಳುವ ವೈರಿಂಗ್ ದೋಷಕ್ಕೆ ಎಷ್ಟು ಗಂಟೆ ಬರೆಯಬೇಕೆಂಬ ನನ್ನ ಲೆಕ್ಕವನ್ನು ಮಾತ್ರ ಇಲ್ಲಿ ಬರೆಯಲಾರೆ, ಅದನ್ನು ಕಲಿಯುವ ಶುಲ್ಕವನ್ನು ನಾನು ಎರಡು ವರ್ಷ ಕಟ್ಟಿದ್ದೇನೆ. ತಿಂಗಳಿಗೆ ಹನ್ನೊಂದು ಹನ್ನೆರಡು ಗಾಡಿಗಳು ಮರಳಿ ಬರುತ್ತಿದ್ದಲ್ಲಿ ಈಗ ಎರಡು ಮೂರು ಬರುತ್ತವೆ. 22 ಸಾವಿರ ಪಡೆಯುತ್ತಿದ್ದ ಹಿರಿಯ ಮಿಸ್ತ್ರಿ ಈಗ 38ರಿಂದ 40 ಸಾವಿರ ಒಯ್ಯುತ್ತಾನೆ. ಈ ಓಣಿಯಲ್ಲಿ ಅಷ್ಟು ಕೊಡುವ ಇನ್ನೊಬ್ಬ ಮಾಲೀಕನನ್ನು ತೋರಿಸಿ.

ಅಮೆರಿಕದ ಮೆಕ್ಯಾನಿಕ್ ತನ್ನ ಸಲಕರಣೆಗಳನ್ನು ತಾನೇ ಕೊಳ್ಳಬೇಕೆಂಬ ರೂಢಿಯನ್ನೂ ಒಮ್ಮೆ ಪರೀಕ್ಷಿಸಿದೆ. 25 ಸಾವಿರದ ಪೆಟ್ಟಿಗೆಯನ್ನು ಬಡ್ಡಿಯಿಲ್ಲದೆ, ತಿಂಗಳಿಗೆ ಸಾವಿರದ ಕಂತಿನಲ್ಲಿ ಕೊಟ್ಟೆ. ತಿಂಗಳಿಗೆ 1,500 ರೂಪಾಯಿಯಷ್ಟು ಪಾನಾಗಳು ಕಳೆಯುತ್ತಿದ್ದದ್ದು ನಿಂತೇಹೋಯಿತು. ಮೊದಲ ವರ್ಷ ಒಬ್ಬ ಎರಡು ಕಂತು ಕಟ್ಟಿ ರಾತ್ರೋರಾತ್ರಿ ಪೆಟ್ಟಿಗೆಯೊಂದಿಗೆ ಮಾಯವಾದ, ಆದರೂ ಲೆಕ್ಕ ಲಾಭದಲ್ಲಿಯೇ ಇದೆ.

ಕಳೆದ ಗುರುವಾರದ ರಜೆಯಲ್ಲಿ ಇಂಡಿ ತಾಲ್ಲೂಕಿನ ಹುಡುಗನೊಬ್ಬ, ಐಟಿಐ ಮುಗಿಸಿ ನನ್ನಲ್ಲಿ ಪಳಗಿದವನು, ಕೊಲ್ಲಿಯಿಂದ 2,000 ದಿರ್ಹಮಿನ ಕರೆ ಬಂದಿದೆಯೆಂದು ಹೇಳಿದ. ಇಂದಿನ ದರದಲ್ಲಿ 46 ಸಾವಿರಕ್ಕೂ ಹೆಚ್ಚು. ಊಟ, ಏಜೆಂಟನ ಹಣ ಮತ್ತು ಎರಡು ವರ್ಷಕ್ಕೊಮ್ಮೆ ಊರಿಗೆ ಬರುವ ಖರ್ಚನ್ನು ಬಿಲ್ ಪುಸ್ತಕದ ಹಿಂದೆ ಬರೆದು ಕಳೆದು ತೋರಿಸಿದೆ. ಇಲ್ಲಿನ 34 ಸಾವಿರಕ್ಕೂ ಅದಕ್ಕೂ ನಡುವೆ ಉಳಿದದ್ದು ನಾಲ್ಕೈದು ಸಾವಿರ. ಅವನು ಆ ಹಾಳೆಯನ್ನು ಹರಿದು ಜೇಬಿನಲ್ಲಿಟ್ಟುಕೊಂಡ. ಪಾಸ್‌ಪೋರ್ಟಿನ ಅರ್ಜಿಯನ್ನು ಹಿಂದೆಗೆದಿಲ್ಲ, ಪೆಟ್ಟಿಗೆಯ ಕಂತನ್ನೂ ತಪ್ಪಿಸಿಲ್ಲ.