ಟರ್ಕಿ ಕೋಳಿಗಳ ತಲೆಎಣಿಕೆ: ಉತ್ತರ ಅಮೆರಿಕವನ್ನೂ ಯುರೋಪನ್ನೂ ನಾನು ಹೋಲಿಸುವ ಬಗೆ

ಎರಡು ಖಂಡಗಳ ಟರ್ಕಿ ಕೋಳಿ ಸಂಖ್ಯೆ 1961ರಿಂದೀಚೆಗೆ ಒಂದೇ ಕಡೆ ಸಿಗುವುದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ (ಎಫ್‌ಎಒ) ಅಂಕಿಅಂಶ ಜಾಲತಾಣ ಎಫ್‌ಎಒಸ್ಟ್ಯಾಟ್‌ನಲ್ಲಿ. ಇಳಿಸಿಕೊಂಡು ಗ್ರಾಫ್ ಎಳೆಯಲು ಹತ್ತು ನಿಮಿಷ ಸಾಕು. ಆದರೆ ಆ ಗ್ರಾಫನ್ನು ಹಾಗೇ ನಂಬುವಂತಿಲ್ಲ.

ಬೆಳೆ ಮತ್ತು ಜಾನುವಾರು ಉತ್ಪನ್ನಗಳ ವಿಭಾಗದಲ್ಲಿ ‘ಟರ್ಕೀಸ್’, ‘ಸ್ಟಾಕ್ಸ್’ (ಜೀವಂತ ಕೋಳಿಗಳ ಸಂಖ್ಯೆ), ಎಲ್ಲ ವರ್ಷಗಳು, ಇಷ್ಟನ್ನು ಆರಿಸಬೇಕು. ಪ್ರದೇಶದ ಹೆಸರಿನ ಮುಂದೆ ‘ಟೋಟಲ್’, ‘ಲಿಸ್ಟ್’ ಎಂದು ಎರಡು ಆಯ್ಕೆಗಳಿರುತ್ತವೆ. ಮೊದಲನೆಯದು ಪ್ರದೇಶದ ಮೊತ್ತ, ಎರಡನೆಯದು ದೇಶವಾರು ಪಟ್ಟಿ. ಎರಡೂ ಬೇಕು, ಆದರೆ ಬೇರೆ ಬೇರೆ ಶೀಟಿನಲ್ಲಿ. ಒಂದೇ ಶೀಟಿಗೆ ಹಾಕಿದರೆ ಪಿವೋಟ್ ಟೇಬಲ್ (ಶೀಟಿನ ಸಾಲುಗಳನ್ನು ತಾನೇ ಕೂಡಿ ಕೊಡುವ ಕೋಷ್ಟಕ) ಅದೇ ಕೋಳಿಗಳನ್ನು ಎರಡು ಸಲ ಕೂಡುತ್ತದೆ. ಕೋಳಿಗಳ ಲೆಕ್ಕ ಸಾವಿರಗಳಲ್ಲಿರುತ್ತದೆ, ದನ ಕುರಿಗಳದ್ದು ಬಿಡಿ ಸಂಖ್ಯೆಯಲ್ಲಿ. ಮೆಕ್ಸಿಕೊ ಇಲ್ಲಿ ಮಧ್ಯ ಅಮೆರಿಕಕ್ಕೆ ಸೇರಿದೆ, ಉತ್ತರ ಅಮೆರಿಕದ ಮೊತ್ತದಲ್ಲಿ ಹುಡುಕಬೇಡಿ.

ಯುರೋಪಿನ ಸಾಲು 1991–92ರಲ್ಲಿ ಮುರಿಯುತ್ತದೆ. ಅಲ್ಲಿಯವರೆಗೆ ಇಡೀ ಸೋವಿಯತ್ ಒಕ್ಕೂಟ ಯುರೋಪಿನ ಲೆಕ್ಕದಲ್ಲಿತ್ತು. 1992ರಿಂದ ಅದರ 15 ದೇಶಗಳಲ್ಲಿ ಏಳು ಮಾತ್ರ ಯುರೋಪಿನಲ್ಲಿ ಉಳಿದವು. ಕಾಕಸಸ್‌ನ ಮೂರು, ಮಧ್ಯ ಏಷ್ಯಾದ ಐದು ಏಷ್ಯಾದ ಲೆಕ್ಕಕ್ಕೆ ಹೋದವು. ಹಾಗಾಗಿ ಅಲ್ಲಿ ಕಾಣುವ ಇಳಿತದಲ್ಲಿ ಒಂದು ಪಾಲು ಬರೀ ಗಡಿಯದ್ದು. ನಾನು ಸಿದ್ಧ ಮೊತ್ತವನ್ನು ಬಿಟ್ಟು, ದೇಶವಾರು ಪಟ್ಟಿಯಿಂದ ಸೋವಿಯತ್ ಒಕ್ಕೂಟವನ್ನೂ ಆ ಏಳು ದೇಶಗಳನ್ನೂ ಎಲ್ಲ ವರ್ಷಗಳಿಂದ ತೆಗೆದು ಮೊತ್ತವನ್ನು ಹೊಸದಾಗಿ ಕೂಡುತ್ತೇನೆ. ಯುಗೊಸ್ಲಾವಿಯ, ಜೆಕೊಸ್ಲೊವಾಕಿಯ ಒಡೆದದ್ದು ಯುರೋಪಿನೊಳಗೇ ಆದ್ದರಿಂದ ಮೊತ್ತಕ್ಕೆ ತೊಂದರೆಯಿಲ್ಲ.

ಕೂಡುವ ಮೊದಲು ಪ್ರತಿ ಸಂಖ್ಯೆ ಎಲ್ಲಿಂದ ಬಂತೆಂದು ಹೇಳುವ ಫ್ಲ್ಯಾಗ್ ಕಾಲಂ ನೋಡಿ. ‘ಎ’ ಅಂದರೆ ಆ ದೇಶವೇ ಕೊಟ್ಟ ಅಧಿಕೃತ ಸಂಖ್ಯೆ. ‘ಇ’, ‘ಐ’ ಇದ್ದರೆ ಅಂದಾಜು ಅಥವಾ ಲೆಕ್ಕ ಹಾಕಿ ತುಂಬಿಸಿದ್ದು. ಒಂದೇ ಅಂಕಿ ವರ್ಷಗಟ್ಟಲೆ ಕದಲದೆ ನಿಂತಿದ್ದರೆ ಅಲ್ಲಿ ಯಾರೂ ಎಣಿಸಿಲ್ಲ ಎಂದೇ ಲೆಕ್ಕ. ಶೀಟಿನ ಖಾಲಿ ಮನೆಗೆ ಸೊನ್ನೆ ಹಾಕಬಾರದು, ಹಾಕಿದರೆ ಆ ವರ್ಷ ಹಿಂಡೇ ಮಾಯವಾದಂತೆ ಕಾಣುತ್ತದೆ.

ನಿಜವಾದ ತೊಡಕು ‘ಸ್ಟಾಕ್’ನಲ್ಲೇ ಇದೆ. ಅದು ಒಂದು ದಿನ ಫಾರ್ಮಿನಲ್ಲಿ ಜೀವಂತ ಇದ್ದ ಕೋಳಿಗಳ ಸಂಖ್ಯೆ ಆಗಬೇಕು. ಹೆಣ್ಣು ಟರ್ಕಿ ಸುಮಾರು 14–16 ವಾರಕ್ಕೆ, ಗಂಡು 18–20 ವಾರಕ್ಕೆ ಕಟಾವಿಗೆ ಹೋಗುವುದರಿಂದ ವರ್ಷಕ್ಕೆ ಎರಡಕ್ಕಿಂತ ಹೆಚ್ಚು ಬ್ಯಾಚ್ ಬರುತ್ತವೆ. ಆದರೆ ಅಮೆರಿಕದ ಕೃಷಿ ಇಲಾಖೆ ಪ್ರಕಟಿಸುವುದು ಸೆಪ್ಟೆಂಬರ್ 1ರಿಂದ ಆಗಸ್ಟ್ 31ರವರೆಗೆ ಸಾಕಲು ಫಾರ್ಮಿಗೆ ಬಿಟ್ಟ ಮರಿಗಳ ಆಧಾರದ ಮೇಲೆ ವರ್ಷವಿಡೀ ಸಾಕಿದ ಒಟ್ಟು ಸಂಖ್ಯೆ. ಒಂದು ದಿನದ ಎಣಿಕೆಯನ್ನೂ ಈ ವರ್ಷದ ಒಟ್ಟನ್ನೂ ಅಕ್ಕಪಕ್ಕ ಇಟ್ಟರೆ ಗ್ರಾಫಿನಲ್ಲಿ ಅಮೆರಿಕ ಯಾವಾಗಲೂ ದೈತ್ಯನಂತೆಯೇ ಕಾಣುತ್ತದೆ.

ಇದನ್ನು ಹಿಡಿಯಲು ಒಂದು ಭಾಗಾಕಾರ ಸಾಕು. ಅದೇ ವಿಭಾಗದಲ್ಲಿ ಟರ್ಕಿ ಮಾಂಸದ ಐಟಂ ಅಡಿಯಲ್ಲಿ ಕಡಿದ ಕೋಳಿಗಳ ಸಂಖ್ಯೆಯೂ ಇದೆ. ಅದನ್ನು ಸ್ಟಾಕ್‌ನಿಂದ ಭಾಗಿಸಿ. ಎರಡು ದಾಟಿದರೆ ಅದು ಒಂದು ದಿನದ ಎಣಿಕೆ. ಒಂದರ ಆಸುಪಾಸು ಅಥವಾ ಸ್ವಲ್ಪ ಕಡಿಮೆ ಬಂದರೆ ವರ್ಷದ ಒಟ್ಟು ಸಂಖ್ಯೆ. ಕಡಿಮೆಯಾದದ್ದು ನಡುವೆ ಸತ್ತವುಗಳ ಪಾಲು. ದೇಶವಾರು ಈ ಅನುಪಾತದ ಕಾಲಂ ಮಾಡಿಟ್ಟುಕೊಂಡರೆ ಯಾವ ವರ್ಷ ಯಾರು ಎಣಿಸುವ ಕ್ರಮ ಬದಲಿಸಿದರು ಎಂಬುದೂ ಸಿಗುತ್ತದೆ, ಅನುಪಾತ ಅಲ್ಲಿ ಥಟ್ಟನೆ ಜಿಗಿಯುತ್ತದೆ.

ಎಣಿಸಿದ ತಿಂಗಳನ್ನೂ ಗಮನಿಸಬೇಕು. ಅಕ್ಟೋಬರ್ 1ರಿಂದ ಮುಂದಿನ ಸೆಪ್ಟೆಂಬರ್ 30ರವರೆಗಿನ ಎಣಿಕೆಯನ್ನು ಎಫ್‌ಎಒ ಮುಂದಿನ ವರ್ಷದ ಹೆಸರಿಗೆ ಹಾಕುತ್ತದೆ. ಡಿಸೆಂಬರ್ ಮೊದಲ ವಾರ ಎಣಿಸುವ ದೇಶದಲ್ಲಿ ಕ್ರಿಸ್‌ಮಸ್ ಕೋಳಿಗಳೆಲ್ಲ ಲೆಕ್ಕಕ್ಕೆ ಸಿಗುತ್ತವೆ; ಜೂನ್‌ನಲ್ಲಿ ಎಣಿಸಿದರೆ ಅವುಗಳಲ್ಲಿ ಎಷ್ಟೋ ಇನ್ನೂ ಮೊಟ್ಟೆಯಿಂದ ಹೊರಬಂದಿರುವುದಿಲ್ಲ.

ಹೀಗಾಗಿ ನೇರ ಸಂಖ್ಯೆಗಳನ್ನು ನಾನು ಹೋಲಿಸುವುದಿಲ್ಲ. 1961–63ರ ಸರಾಸರಿಯನ್ನು 100 ಎಂದಿಟ್ಟು ಎರಡಕ್ಕೂ ಸೂಚ್ಯಂಕ ಮಾಡಿ, ಲಾಗ್ ಅಳತೆಯಲ್ಲಿ (ಒಂದೇ ಪ್ರಮಾಣದ ಏರಿಳಿತ ಒಂದೇ ಎತ್ತರವಾಗಿ ಕಾಣುವ ಅಳತೆ) ಎಳೆಯುತ್ತೇನೆ. ಅಮೆರಿಕದ ಸಂಖ್ಯೆ 1996ರಲ್ಲಿ ಸುಮಾರು 30 ಕೋಟಿಗೆ ಮುಟ್ಟಿ ಆಮೇಲೆ ಇಳಿದಿದೆ. 2015ರ ಹಕ್ಕಿಜ್ವರದಲ್ಲಿ ಅಲ್ಲಿ ಸುಮಾರು 75 ಲಕ್ಷ ಟರ್ಕಿಗಳು ಹೋದವು, ಮಿನ್ನೆಸೊಟಾಕ್ಕೆ ಹೆಚ್ಚು ಪೆಟ್ಟು. ಆದರೂ ವಾರ್ಷಿಕ ಗೆರೆಯಲ್ಲಿ ಅದು ಸಣ್ಣ ತಗ್ಗು ಮಾತ್ರ. 1996ರ ನಂತರದ ಇಳಿತ ಕಂಡು ಉದ್ಯಮವೇ ಕುಸಿಯಿತು ಎನ್ನುವವರಿದ್ದಾರೆ. ಆದರೆ 1960ರ ಸುಮಾರಿಗೆ 7 ಕೆಜಿ ಆಸುಪಾಸಿದ್ದ ಅಲ್ಲಿನ ಟರ್ಕಿಯ ಸರಾಸರಿ ಜೀವಂತ ತೂಕ ಈಗ 14 ಕೆಜಿ ಹತ್ತಿರವಿದೆ, ಹಾಗಾಗಿ ತಲೆಎಣಿಕೆ ಇಳಿದಷ್ಟೇ ಮಾಂಸವೂ ಇಳಿಯಿತು ಎನ್ನುವಂತಿಲ್ಲ. ಮಾಂಸದ ಟನ್ ಲೆಕ್ಕವನ್ನೂ ಅದೇ ಶೀಟಿನಲ್ಲಿ ಮೂರನೇ ಗೆರೆಯಾಗಿ ಹಾಕಿಕೊಳ್ಳಿ.